ತೋರ್ಕಿಲನ ಗಾಳಿಯಂತ್ರದ ಬ್ರೇಕು

ಎಲ್ಲಕ್ಕೂ ಕಾರಣ ಒಂದು ಬೋಲ್ಟು. ಗಾಳಿಯಂತ್ರದ ಬ್ರೇಕು ಬಿಗಿಯಾಗಿಸುವ ಆ ಬೋಲ್ಟನ್ನು ಯಂತ್ರ ಕಟ್ಟಿದ ಕಮ್ಮಾರ ತೋರ್ಕಿಲ್ ಪರೀಕ್ಷೆಯ ಹಿಂದಿನ ದಿನವೇ ಹದಕ್ಕೆ ತಂದಿದ್ದ.

ಡೆನ್ಮಾರ್ಕಿನಲ್ಲಿ ಆ ವರ್ಷ ಹೊಸ ನಿಯಮ ಬಂದಿತ್ತು. ಬ್ರೇಕು ಹಾಕಿದರೆ ಎಂಥ ಬಿರುಗಾಳಿಯಲ್ಲೂ ಯಂತ್ರ ತಿರುಗುವುದು ನಿಲ್ಲಬೇಕು. ನಿಂತರೆ ಸರ್ಕಾರದ ಮೊಹರು. ಮೊಹರಿದ್ದರೆ ಕೊಳ್ಳುವವರಿಗೆ ಸರ್ಕಾರದ ಸಹಾಯಧನ. ಇಲ್ಲದಿದ್ದರೆ ಯಾರೂ ತಿರುಗಿಯೂ ನೋಡರು. ಮೂರು ವರ್ಷದಿಂದ ತೋರ್ಕಿಲ್ ಕಂಡದ್ದು ಒಂದೇ ಕನಸು: ದಿಬ್ಬದ ಮೇಲೆ ಮೂರು ರೆಕ್ಕೆಗಳು, ನಿದ್ದೆಯಲ್ಲಿ ಉಸಿರಾಡುವವರ ಹಾಗೆ, ಮೆಲ್ಲಗೆ ತಿರುಗುತ್ತಿರುವುದು.

ಪರೀಕ್ಷಕ ಕ್ಯಾರ್ ಬೆಳಗ್ಗೆಯೇ ಬಂದ. ಗಾಳಿ ಬರಲಿಲ್ಲ. ಮಂಜು ಇಳಿದು, ಸಮುದ್ರ ಬಟ್ಟಲಿನ ಹಾಲಿನಂತೆ ಸುಮ್ಮನಿತ್ತು. ಪಕ್ಕದ ಮನೆಯ ಬೋದಿಲ್ ಕಾಫಿ, ಕೇಕು ತಂದಿಟ್ಟಳು. ಕ್ಯಾರ್ ಐದು ತುಂಡು ತಿಂದು ತೂಕಡಿಸಿದ.

"ಇವನ ಮುಖ ನೋಡಿದ್ರೆ ಪಾಸ್ ಮಾಡೋ ಹಾಗಿಲ್ಲ ಕಣೋ," ಬೋದಿಲ್ ಪಿಸುಗುಟ್ಟಿದಳು. "ಬೋಲ್ಟು ಇನ್ನೊಂದು ಸುತ್ತು ಬಿಗಿ ಮಾಡು."

"ಬೇಡ ಬೋದಿಲಕ್ಕ, ಹದವಾಗಿದೆ. ಯಾರೂ ಮುಟ್ಬೇಡಿ."

ತೋರ್ಕಿಲ್ ಕಾಗದಪತ್ರ ಹುಡುಕಲು ಒಳಗೆ ಹೋದ. ಮಂಜಿನಲ್ಲಿ ಬೋದಿಲ್ ಏಣಿ ಹತ್ತಿ ಒಂದು ಸುತ್ತು ತಿರುಗಿಸಿ ಬಂದಳು. ಆಮೇಲೆ ಹಂದಿ ಸಾಕುವ ಅಕ್ಸೆಲ್ ಒಂದು ಸುತ್ತು. ಕೊನೆಗೆ ಪಾದ್ರಿಯವರು ನಿಲುವಂಗಿ ಎತ್ತಿಕಟ್ಟಿ ಒಂದೂವರೆ. ಊರಿನ ಮಾನದ ಪ್ರಶ್ನೆ. ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ.

ಮಧ್ಯಾಹ್ನ ಪಡುವಣದಿಂದ ಗಾಳಿ ಎದ್ದಿತು. ಬ್ರೇಕು ಬಿಡಿಸುವ ಹಗ್ಗ ಜಗ್ಗಲು ನಾಲ್ವರು ಬೇಕಾದರು. ತೋರ್ಕಿಲ್ ಬೋಲ್ಟಿನತ್ತ ಕಣ್ಣು ಹಾಯಿಸಿದ. ಆದರೆ ರೆಕ್ಕೆಗಳು ತಿರುಗಿದವು. ಹುಲ್ಲಿನ ಮೇಲೆ ನೆರಳು ಬಂದು ಹೋಯಿತು, ಬಂದು ಹೋಯಿತು. ತೋರ್ಕಿಲ್ ಉಸಿರು ಬಿಡುವುದನ್ನೇ ಮರೆತ.

"ಬಿಡಿ," ಎಂದ ಕ್ಯಾರ್.

ಹಗ್ಗ ಬಿಟ್ಟರು, ಬ್ರೇಕು ಕಚ್ಚಿತು. ಚರ್ಚಿನ ಗಂಟೆ ನೆಲಕ್ಕೆ ಬಿದ್ದಂಥ ಸದ್ದು. ಯಂತ್ರ ನಿಂತಿತು. ಮತ್ತೆ ಜಗ್ಗಿದರೆ ಹಗ್ಗವೇ ಹರಿಯಿತು.

"ಅದ್ಭುತ!" ಕ್ಯಾರ್ ಮೊಹರು ಒತ್ತಿ, ಯಾರೂ ತಿರುಗಿಸದಂತೆ ಬೋಲ್ಟಿಗೂ ಸೀಸದ ಮುದ್ರೆ ಹಾಕಿಸಿದ. "ಇಷ್ಟು ಚೆನ್ನಾಗಿ ನಿಂತಿದ್ದನ್ನ ನಾನು ನೋಡೇ ಇಲ್ಲ."

"ಸ್ವಾಮಿ, ಕಚ್ಚಿಕೊಂಡಿದೆ. ಸ್ವಲ್ಪ ಸಡಿಲ ಮಾಡ್ತೀನಿ, ತಿರುಗುತ್ತೆ."

"ಮುಟ್ಟಿದ್ರೆ ಒಪ್ಪಿಗೆ ರದ್ದು. ಇನ್ಮೇಲೆ ನೀನು ಮಾಡೋ ಯಂತ್ರವೆಲ್ಲ ಹೀಗೇ ಇರ್ಬೇಕು."

"ಆದ್ರೆ ಇದು ತಿರುಗೋದೇ ಇಲ್ವಲ್ಲ!"

ಕ್ಯಾರ್ ಫಾರಮ್ಮಿನ ಎರಡೂ ಬದಿ ನೋಡಿದ. "ಅದನ್ನ ಇದ್ರಲ್ಲಿ ಕೇಳಿಲ್ಲ."

ಅವನ ಕಾರು ಮರೆಯಾಯಿತು. ಮೋಡ, ಹುಲ್ಲು, ಬೋದಿಲಳ ತಲೆವಸ್ತ್ರ ಎಲ್ಲವೂ ಗಾಳಿಗೆ ಹಾರಾಡುತ್ತಿದ್ದವು. ತೋರ್ಕಿಲ್ ಕದಲದ ರೆಕ್ಕೆಗಳನ್ನು ನೋಡುತ್ತ ನಿಂತ.

"ನಂಗೂ ಒಂದು ಇಂಥದ್ದೇ ಮಾಡ್ಕೊಡೋ," ಎಂದಳು ಬೋದಿಲ್. "ಎಷ್ಟು ನಿಶ್ಶಬ್ದ ನೋಡು!"