ಮೀರಕೂಡದ ಖರ್ಚು

ಎಲ್ಲದಕ್ಕೂ ಕಾರಣ ಬಂಗುಡೆ. ಕೊಲ್ಲಿ ನಾಡಿನ ಅಲ್ ನಹ್ದಾ ಬಡಾವಣೆಯ ಕರಾವಳಿ ಬಳಗದ ಕಾರ್ಯದರ್ಶಿ ಸೇಸಪ್ಪ ಆರ್ಥಿಕ ಮಾಂದ್ಯದ ವರ್ಷದಲ್ಲಿ ಪತ್ರಿಕೆಯಲ್ಲೊಂದು ಲೇಖನ ಓದಿದ್ದ. ಅಮೆರಿಕದ ಯಾವುದೋ ರಾಜ್ಯದವರು ಸಂವಿಧಾನದಲ್ಲೇ ಬರೆದುಬಿಟ್ಟಿದ್ದಾರಂತೆ: ಜನರನ್ನು ಕೇಳದೆ ತೆರಿಗೆ ಏರಿಸುವ ಹಾಗಿಲ್ಲ, ಸರಕಾರ ಮನಸ್ಸು ಬಂದ ಹಾಗೆ ಖರ್ಚು ಹೆಚ್ಚಿಸುವ ಹಾಗಿಲ್ಲ. ಅದರಿಂದ ಆಮೇಲೆ ಏನಾಯಿತು ಎಂಬುದು ಮುಂದಿನ ಪುಟದಲ್ಲಿತ್ತು. ಆ ಪುಟದ ಮೇಲೆ ಅವನ ಹೆಂಡತಿ ಲೋಲಾಕ್ಷಿ ಬಂಗುಡೆ ಮೀನು ಕತ್ತರಿಸಿಯಾಗಿತ್ತು.

ಪುಣ್ಯಾತ್ಮ ಓದಿದ ಅರ್ಧವನ್ನೇ ಹಿಡಿದು ಬಳಗದ ನಿಯಮಾವಳಿಗೆ ಸೇರಿಸಿದ. ಸದಸ್ಯತ್ವ ಶುಲ್ಕ ಏರಿಸಕೂಡದು, ಒಂದು ವರ್ಷದ ಖರ್ಚು ಹಿಂದಿನ ವರ್ಷದ್ದನ್ನು ಮೀರಕೂಡದು. ಬದಲಾಯಿಸಬೇಕಾದರೆ ಮುಕ್ಕಾಲು ಪಾಲು ಸದಸ್ಯರು ಕೈಯೆತ್ತಬೇಕು. ಅಂದು ಬಿದ್ದ ಚಪ್ಪಾಳೆ ಅಷ್ಟಿಷ್ಟಲ್ಲ.

ಹೋದ ವರ್ಷ ವಾರ್ಷಿಕೋತ್ಸವದ ದಿನವೇ ಮರಳುಗಾಳಿ ಎದ್ದು ಕಾರ್ಯಕ್ರಮ ರದ್ದಾಯಿತು. ಹೇಗೋ ಬಂದು ಮುಟ್ಟಿದ ನಾಲ್ಕು ಜನಕ್ಕೆ ಚಾ ಬಿಸ್ಕತ್ತು ಕೊಟ್ಟದ್ದೇ ಆ ವರ್ಷದ ಖರ್ಚು. ಹಾಗಾಗಿ ಈ ವರ್ಷದ ಮಿತಿಯೂ ಅದೇ ಚಾ ಬಿಸ್ಕತ್ತು. ದುಡ್ಡು ಬ್ಯಾಂಕಿನಲ್ಲಿ ಕೊಳೆಯುತ್ತಿತ್ತು, ಮುಟ್ಟುವ ಹಾಗಿರಲಿಲ್ಲ.

ಈ ನಿಯಮ ಇರುವವರೆಗೆ ಕಾರ್ಯದರ್ಶಿಯಾಗಲು ಬೇರೆ ಯಾರೂ ತಯಾರಿಲ್ಲ. ಇತ್ತ ಲೋಲಾಕ್ಷಿ ಖಡಾಖಂಡಿತ ಹೇಳಿಬಿಟ್ಟಿದ್ದಳು.

"ರಜೆ ಇರುವುದೊಂದು ಶುಕ್ರವಾರ. ಅದೂ ನಿಮ್ಮ ಬಳಗಕ್ಕೆ. ಈ ಸಲದ ವಾರ್ಷಿಕೋತ್ಸವದ ದಿನ ಆ ಪೋಸ್ಟ್ ಬಿಟ್ಟು ಬರ್ಲಿಲ್ಲಾಂತಾದ್ರೆ ನಾನು ಅಲ್ ಐನಿಗೆ ಅಕ್ಕನ ಮನೆಗೆ ಹೋಗ್ತೇನೆ. ನಿಮಗೆ ಬಳಗವೇ ಬೇಯಿಸಿ ಹಾಕ್ಲಿ."

ಸೇಸಪ್ಪ ಉಪಾಯ ಹೂಡಿದ. ವಾರ್ಷಿಕೋತ್ಸವಕ್ಕೆ ತಾನು ಏನೂ ಮಾಡದಿದ್ದರೆ? ನಿಂತು ಕಾಲು ನೋಯಿಸಿಕೊಂಡ, ಹಸಿದ ಜನ ನಿಯಮ ಬದಲಿಸಲು ಎರಡೂ ಕೈ ಎತ್ತುತ್ತಾರೆ. ಹಣವೇ ಇಲ್ಲದ ಕಾರ್ಯಕ್ರಮ ಹೇಗೆ ಮುಗ್ಗರಿಸುತ್ತದೆ ಎಂದು ನೋಡುವ ಕುತೂಹಲವೂ ಅವನಿಗಿತ್ತು. ವಿಷಯ ಯಾರಿಗೂ ಹೇಳಲಿಲ್ಲ. ಲೋಲಾಕ್ಷಿಗಂತೂ ಇಲ್ಲವೇ ಇಲ್ಲ, ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ವಾರ್ಷಿಕೋತ್ಸವದ ಶುಕ್ರವಾರ ಬೆಳಿಗ್ಗೆ ಬಿಲ್ಡಿಂಗಿನ ಪುಕ್ಕಟೆ ಸಭಾಂಗಣದಲ್ಲಿ ಅವನೊಬ್ಬನೇ ನಿಂತಿದ್ದ. ಬರಿಯ ನೆಲ. ನೋಡಿ ಅವನಿಗೆ ತುಂಬ ಖುಷಿಯಾಯಿತು.

ಬಳಗದ ಅಧ್ಯಕ್ಷ ಲಿಯೊನೆಲ್ ಬಂದವನೇ ಕೇಳಿದ. "ಚೇರ್ ಎಲ್ಲಿ ಮಾರಾಯ್ರೆ?"

"ನಿಯಮ ಉಂಟಲ್ಲ," ಎಂದ ಸೇಸಪ್ಪ.

ಲಿಯೊನೆಲ್ ಫೋನ್ ತೆಗೆದ. ಸ್ವಲ್ಪ ಹೊತ್ತಿಗೆಲ್ಲ ಮನೆಮನೆಯ ಕುರ್ಚಿಗಳು ಲಿಫ್ಟಿನಲ್ಲಿ ಇಳಿದವು. ಒಬ್ಬರು ಸೋಫಾವನ್ನೇ ಹೊತ್ತು ತಂದರು. ಅವರವರ ಕುರ್ಚಿ ಅವರವರಿಗೆ, ಮುಂದಿನ ಸಾಲಿನ ಜಗಳವೇ ಇಲ್ಲವಾಯಿತು.

ಮೈಕೂ ಇಲ್ಲ ಎಂದಾಗ ಮೂರನೇ ಮಾಳಿಗೆಯ ಹ್ಯೂಬರ್ಟ್ ತನ್ನ ಕರೋಕೆ ಹಾಡುವ ಮಿಷನ್ ತಂದಿಟ್ಟ. ಅದರಲ್ಲಿ ಲಿಯೊನೆಲನ ಭಾಷಣ ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಜನ ಮೊದಲ ಸಲ ಅಧ್ಯಕ್ಷರ ಭಾಷಣವನ್ನು ಕೊನೆಯವರೆಗೆ ಕೇಳಿದರು, ಮಧ್ಯೆ ನಕ್ಕರು ಕೂಡ.

ಇನ್ನು ಉಳಿದದ್ದು ಊಟ. ಹಸಿವಿಗೆ ನಗು ಬರುವುದಿಲ್ಲ ಎಂದು ಸೇಸಪ್ಪ ಧೈರ್ಯ ತಂದುಕೊಂಡ. ಅಷ್ಟರಲ್ಲಿ ಲೋಲಾಕ್ಷಿಯ ಹಿಂದೆ ಹೆಂಗಸರು ಸಾಲಾಗಿ ಪಾತ್ರೆ ಹೊತ್ತು ಬಂದರು. ತನ್ನ ಉಪಾಯ ಕೆಟ್ಟಿತು ಎಂದುಕೊಂಡ ಅವನು. ಮುಚ್ಚಳ ತೆಗೆದರೆ ಎಲ್ಲದರಲ್ಲೂ ಪಾಯಸ. ಅನ್ನ ಸಾರು ಬೇರೆಯವರು ತರುತ್ತಾರೆಂದು ಎಲ್ಲರೂ ಸಿಹಿಯನ್ನೇ ಮಾಡಿದ್ದರು. ಸೇಸಪ್ಪನಿಗೆ ಹೋದ ಜೀವ ಬಂದಿತು.

ಕೆಳಗಿನ ಕೆಫೆಟೇರಿಯಾದ ಅಲಿಕುಂಞಿ ಬಾಗಿಲಲ್ಲಿ ಇಣುಕಿದ. "ಇಷ್ಟು ಪಾಯಸ ಯಾರು ಕುಡಿಯುವುದು? ನನ್ನ ಹತ್ರ ಗೀ ರೈಸ್, ಕುರ್ಮ ಉಂಟು. ಬದ್ಲಿ ಮಾಡುವನಾ?"

ಬದಲಿ ಆಯಿತು. ಎಲ್ಲರೂ ಹೊಟ್ಟೆ ತುಂಬ ಉಂಡರು.

ಊಟವಾದ ಮೇಲೆ ಸೇಸಪ್ಪ ಎದ್ದು ನಿಂತು, ಈ ನಿಯಮ ಬಳಗದ ಕುತ್ತಿಗೆ ಹಿಚುಕುತ್ತಿದೆ, ತಪ್ಪು ನನ್ನದೇ, ತೆಗೆಯೋಣ ಎಂದು ಹೇಳಿದ. ಮೇಲೆದ್ದದ್ದು ಅವನದೊಂದೇ ಕೈ.

"ಇಷ್ಟು ಚಂದದ ಪ್ರೋಗ್ರಾಂ ಯಾವಾಗ ಆಗಿತ್ತು ಹೇಳಿ," ಎಂದ ಲಿಯೊನೆಲ್. "ಈ ಸಲ ಬಳಗದ ಖರ್ಚು ಎಷ್ಟು?"

"ಏನೂ ಇಲ್ಲ," ಎಂದ ಸೇಸಪ್ಪ. ಹೇಳಿದ ಮೇಲೆ ಅವನಿಗೆ ಲೆಕ್ಕ ಹೊಳೆಯಿತು. ಬರುವ ವರ್ಷದ ಮಿತಿಯೂ ಸೊನ್ನೆಯೇ. ಆ ವರ್ಷಕ್ಕೂ ಅವನೇ ಕಾರ್ಯದರ್ಶಿ ಎಂದು ಒಕ್ಕೊರಲಿನಿಂದ ತೀರ್ಮಾನವಾಗಿಬಿಟ್ಟಿತು.

ಪಾತ್ರೆ ತೊಳೆಯಲು ಹೋಗಿದ್ದ ಲೋಲಾಕ್ಷಿ ಸೆರಗಿಗೆ ಕೈ ಒರೆಸುತ್ತ ಅವನ ಬಳಿ ಬಂದಳು. "ಎಲ್ಲರ ಮನೆಗೆ ಫೋನ್ ಮಾಡಿ ಏನಾದ್ರೂ ಮಾಡಿ ತನ್ನಿ ಅಂದದ್ದು ನಾನೇ. ಪೋಸ್ಟ್ ಬಿಡುವಾಗ ನಿಮ್ಮ ಮರ್ಯಾದೆ ಹೋಗ್ಬಾರ್ದಲ್ಲ. ಬಿಟ್ರಲ್ಲ?"

ಸೇಸಪ್ಪ ಬಾಯಿ ತೆರೆಯುವ ಮೊದಲೇ ಹೆಂಗಸರೆಲ್ಲ ಲೋಲಾಕ್ಷಿಯನ್ನು ಸುತ್ತುವರಿದರು. ಖರ್ಚಿಲ್ಲದೆ ನಡೆಸುವ ಕಲೆ ಅವಳಿಗಷ್ಟೇ ಗೊತ್ತು, ಅವಳೇ ಜತೆ ಕಾರ್ಯದರ್ಶಿ ಆಗಬೇಕು ಎಂದು ಹಟ ಹಿಡಿದರು. ಸೇಸಪ್ಪ ಆಸೆಯಿಂದ ಹೆಂಡತಿಯ ಮುಖ ನೋಡಿದ. ಈಗ ಸಿಡಿಯುತ್ತಾಳೆ, ಇಬ್ಬರನ್ನೂ ಬಿಡಿಸುತ್ತಾಳೆ.

ಲೋಲಾಕ್ಷಿಯ ಮುಖ ಅರಳಿತು. "ಇಷ್ಟು ಪ್ರೀತಿಯಲ್ಲಿ ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ? ಇನ್ನು ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲೇ ಮೀಟಿಂಗ್. ಬಳಗಕ್ಕೆ ಖರ್ಚಿಲ್ಲ. ಎಲ್ಲರಿಗೂ ನೀರುದೋಸೆ ಹೊಯ್ಲಿಕ್ಕೆ ಇವರಿದ್ದಾರೆ."