ಚೀನಾ ಪಾಠವೂ ನಮ್ಮ ಹೊಲದ ಬದುವೂ

ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ನನಗೆ ಚೀನಾದ ವಿದೇಶಾಂಗ ನೀತಿ ಪುಸ್ತಕದಲ್ಲಿ ಸಿಕ್ಕಿದ್ದಕ್ಕಿಂತ ದಾರಿಯಲ್ಲಿ ಸಿಕ್ಕಿದ್ದೇ ಹೆಚ್ಚು. ಅತ್ತ ನಮ್ಮೂರು ಸೊಕ್ಕೆಯಲ್ಲಿ ಪಕ್ಕದ ಹೊಲದ ಯಜಮಾನರು ಪ್ರತಿ ಬಿತ್ತನೆಗೂ ಬದು ಒತ್ತಿ ನಮ್ಮ ಹೊಲದೊಳಗೆ ಒಂದೊಂದು ಸಾಲು ಬರುತ್ತಿದ್ದರು. ಕೇಳಲು ಹೋದರೆ ಚಹಾ ಕೊಟ್ಟು ಕಳಿಸುತ್ತಿದ್ದರು.

ನ್ಯಾಮತಿಯ ತರಗತಿ

"ಚೀನಾ ನೆರೆಯವರನ್ನು ಒಟ್ಟಿಗೆ ಕೂರಿಸದೆ ಒಬ್ಬೊಬ್ಬರ ಹತ್ತಿರವೇ ಮಾತಾಡುವುದು ಯಾಕೆ?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು.

"ಪಾಲು ಮಾಡುವಾಗ ನಮ್ಮ ದೊಡ್ಡಪ್ಪ ಹಂಗೇ ಮಾಡಿದ್ದು ಸರ್. ಒಬ್ಬೊಬ್ಬರ್ನೇ ಕೋಣೆಗೆ ಕರೆದು, ನಿನಗೆ ಮಾತ್ರ ಹೇಳ್ತಿದೀನಿ ಅಂದ್ರು."

"ಆಮೇಲೆ?"

"ಎಲ್ರಿಗೂ ಒಂದೇ ಬಾವಿ ಕೊಟ್ಟಿದ್ರು ಸರ್."

ಚನ್ನಗಿರಿಯ ಬಸ್ಸು

ಪೇಪರ್ ಹಿಡಿದ ಹಿರಿಯರೊಬ್ಬರು ಕೆಂಡವಾಗಿದ್ದರು. "ನೋಡ್ರಿ ಸಾರ್, ಇಡೀ ಸಮುದ್ರ ನಂದೇ ಅಂತಾರಂತೆ ಚೀನಾದೋರು! ಅಮೆರಿಕದ ಹಡಗು ಬಂದ್ರೆ ದುರುಗುಟ್ಟಿ ನೋಡ್ತಾರಂತೆ. ಕೇಳೋರಿಲ್ಲೇನ್ರಿ?"

ಹೌದೆನ್ನುತ್ತಾ ಅವರ ಪಕ್ಕದ ಖಾಲಿ ಸೀಟಿಗೆ ಕೂರಲು ಹೋದೆ.

"ಏಯ್, ಟವೆಲ್ ಐತಲ್ರಿ! ನಮ್ಮ ಬೀಗರು ಬಸವಾಪಟ್ಟಣದಾಗೆ ಹತ್ತಾಕೆ ಬರ್ತಾರೆ."

ಬಸವಾಪಟ್ಟಣ ಬಂತು, ಬೀಗರು ಬರಲಿಲ್ಲ. ಹಿರಿಯರು ಟವೆಲನ್ನು ಇನ್ನಷ್ಟು ಅಗಲಕ್ಕೆ ಹಾಸಿ, "ಹೊನ್ನಾಳೀಲಿ ಹತ್ತಬೌದು" ಅಂದರು.

ಸೊಕ್ಕೆಯ ಶೃಂಗಸಭೆ

ಈ ಸಲ ಬಿಡಬಾರದೆಂದು ಹೆಂಡತಿಯ ಜೊತೆ ಊರಿಗೆ ಹೋಗಲು ಜಗಳೂರು ಬಸ್ಸು ಹತ್ತಿದೆ. ಚೀನಾಕ್ಕೆ ಎದುರಾಗಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತ ಕೂಟ ಕಟ್ಟಿಕೊಂಡ ಹಾಗೆ ನಾನೂ ಸುತ್ತಲಿನ ಮೂರು ಹೊಲದವರನ್ನು ಸೇರಿಸಿದೆ. ಅವರ ಬದುಗಳೂ ಕರಗಿದ್ದವು. ಎಲ್ಲರೂ ನಮ್ಮ ಬದುವಿನ ಮೇಲೆ ಸಾಲಾಗಿ ನಿಂತೆವು. ಯಜಮಾನರು ಟ್ರ್ಯಾಕ್ಟರ್ ನಿಲ್ಲಿಸಿದರು.

"ಇದು ನಮ್ಮಿಬ್ರ ಮಾತು ಮೇಷ್ಟ್ರೆ. ಮಧ್ಯ ಬ್ಯಾರೇರು ಯಾಕ್ರಿ?"

"ಅವರದ್ದೂ ಒತ್ತೀರಲ್ರಿ!" ಎಂದು ಕೂಗಿದೆ.

ಅವರು ಇಳಿಯಲೂ ಇಲ್ಲ, ದನಿ ಏರಿಸಲೂ ಇಲ್ಲ. "ಆತು ಬಿಡ್ರಿ. ಮಣ್ಣಿನ ಹದ ಹೋಗೋದ್ರೊಳಗೆ ನಿಮ್ಮ ಹೊಲ ಉಳಾಕೆ ಬ್ಯಾರೆ ಯಾರಾದ್ರೂ ಬರ್ತಾರೇನೋ ನೋಡ್ಕಳ್ರಿ."

ಸುತ್ತಮುತ್ತ ಬಾಡಿಗೆಗೆ ಸಿಗುತ್ತಿದ್ದದ್ದು ಅವರದೊಂದೇ ಟ್ರ್ಯಾಕ್ಟರ್. ನಮ್ಮ ಕೂಟದ ಒಬ್ಬರಿಗೆ ಎಮ್ಮೆ ಕಟ್ಟುವುದು ನೆನಪಾಯಿತು. ಇನ್ನೊಬ್ಬರು, ಬದು ಮೊದಲಿಂದಲೂ ಇಲ್ಲೇ ಇತ್ತು ಅಂದರು. ಮೂರನೆಯವರು "ಮೊದ್ಲು ನಮ್ದು ಹೊಡೀರಿ" ಎನ್ನುತ್ತಾ ಟ್ರ್ಯಾಕ್ಟರ್ ಹತ್ತಿ ಯಜಮಾನರ ಪಕ್ಕ ಕೂತೇಬಿಟ್ಟರು.

ಒಬ್ಬನೇ ಉಳಿದರೂ ನಾನು ಮತ್ತೆ ಬಾಯಿ ತೆರೆದೆ. ಹೆಂಡತಿ ಅಂಗಿ ಜಗ್ಗಿದಳು.

"ಸುಮ್ನಿರ್ರಿ. ಮೊದ್ಲು ನಮ್ಮ ಹೊಲ ಉತ್ತು ಕೊಡ್ಲಿ. ಆಮ್ಯಾಲೆ ತೀವ್ರವಾಗಿ ಖಂಡಿಸೀರಂತೆ."