ಕಪ್ತಾನ ಸಾಹೇಬರ ಮೀಸೆ

ಹೆದರಿಕೆ ಇದ್ದಲ್ಲಿ ನಗು ಸುಳಿಯಬಾರದು. ಆದರೆ ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ ನಮ್ಮ ಕೊಪ್ಪಳದಲ್ಲಿ ಅವೆರಡೂ ಒಂದೇ ಓಣಿಯಲ್ಲಿ ಓಡಾಡುತ್ತಿದ್ದವು. ಆಗ ಯಾರೂ ನಗಲಿಲ್ಲ. ನಕ್ಕದ್ದಕ್ಕೂ ಯಾರಾದರೂ ವರದಿ ಕಳಿಸಿಯಾರೆಂಬ ಭಯ. ಅಂದು ನುಂಗಿಕೊಂಡ ನಗುವನ್ನು ಇಂದು ಬರೆಯುತ್ತಿದ್ದೇನೆ.

೧. ಸಂತೆಗೆ ಬಂದ ಫಕೀರ

ಸಾಹೇಬರು ಮೊದಲು ಫೌಜಿನಲ್ಲಿ ಕಪ್ತಾನರು. ಕುದುರೆ ದಂಡಿನಲ್ಲಿ ಹೆಸರು ಮಾಡಿ, ಆಮೇಲೆ ಇಡೀ ರಾಜ್ಯದ ಗುಪ್ತ ಪೊಲೀಸರ ಮುಖ್ಯಸ್ಥರಾದವರು. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು. ನಮ್ಮ ಹುಡುಗರು ಆ ಕಡೆಯ ಶಿಬಿರಗಳನ್ನು ಸೇರಿ ನಿಜಾಮರ ವಿರುದ್ಧ ನಿಲ್ಲುತ್ತಿದ್ದರು. ಅವರನ್ನು ಹಿಡಿಯಲು ಸಾಹೇಬರು ಸ್ವತಃ ಕೊಪ್ಪಳಕ್ಕೆ ಬಂದು ಬಿಡಾರ ಹೂಡಿದರು. ಕೈಕೆಳಗಿನವರನ್ನು ನಂಬದೆ ತಾವೇ ವೇಷ ಹಾಕಿ ತಿರುಗುತ್ತಿದ್ದರು. ಅವರು ಹಿಡಿಸಿದವರಲ್ಲಿ ಕೆಲವರು ಮರಳಿ ಬರಲಿಲ್ಲ.

ಅವರ ಮೀಸೆ ಎರಡೂ ತುದಿ ಮೇಲಕ್ಕೆ ತಿರುವಿ, ಮೇಣ ಹಚ್ಚಿ ನಿಲ್ಲಿಸಿದ್ದು. ವೇಷಕ್ಕೆ ತಕ್ಕಂತೆ ಬಟ್ಟೆ ಬದಲಾಗುತ್ತಿತ್ತು. ಮೀಸೆ ಬದಲಾಗುತ್ತಿರಲಿಲ್ಲ.

ಒಮ್ಮೆ ಗಂಗಾವತಿ ಸಂತೆಗೆ ಫಕೀರರಾಗಿ ಬಂದರು. ಇಡೀ ಸಂತೆಗೆ ಗುರುತು ಸಿಕ್ಕಿತು. ಆದರೆ ಸಾಹೇಬರು ಗುಟ್ಟಾಗಿ ಬಂದಿರುವಾಗ ಗುರುತು ಸಿಕ್ಕಿದೆಯೆಂದು ತೋರಿಸಿದರೆ ಗತಿಯೇನು? ಎಲ್ಲರೂ ತಲೆ ತಗ್ಗಿಸಿ ವ್ಯಾಪಾರ ಮಾಡಿದರು. ಕಾಯಿಪಲ್ಲೆ ಮಾರುವ ಮುದುಕಿಯೊಬ್ಬಳ ಮುಂದೆ ಜೋಳಿಗೆ ಬಂತು. ಅವಳು ಅದರ ತುಂಬ ಬದನೆಕಾಯಿ ಸುರಿದಳು.

“ಎಳೀವು ಅದಾವ್ರಿ ಫಕೀರಪ್ಪ,” ಎಂದು ಕೈ ಮುಗಿದಳು. “ಬಂಗಲೇದಾಗ ಅಮ್ಮಾವ್ರಿಗೆ ಹೇಳ್ರಿ, ಎಣಗಾಯಿಗೆ ಛಲೋ ಆಕ್ಕಾವು.”

೨. ಕಟ್ಟೆಯ ಮೇಲಿನವನು

ನನ್ನ ತಮ್ಮ ಒಂದು ಬೆಳಿಗ್ಗೆ ಹೊಲಕ್ಕೆಂದು ಹೊರಟವನು ಕುಕನೂರಿನ ಮೇಲಿಂದ ಗಡಿ ದಾಟಿಬಿಟ್ಟ. ಮರುದಿನವೇ ನಮ್ಮ ಕಟ್ಟೆಯ ಮೇಲೆ ಪೇದೆಯೊಬ್ಬ ಮಫ್ತಿಯಲ್ಲಿ ಬಂದು ಕುಳಿತ. ನಾನು ಸರಕಾರಿ ಶಾಲೆಯ ಮಾಸ್ತರ. ದಿನವೂ ಅವನ ಕಣ್ಣೆದುರೇ ಶಾಲೆಗೆ ಹೋಗಲು ಭಯವಾಗುತ್ತಿತ್ತು.

ಅವ್ವನಿಗೂ ಭಯವಿತ್ತು. ಆದರೆ ಕಟ್ಟೆಯ ಮೇಲೊಬ್ಬ ಹಸಿದು ಕುಳಿತಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ರೊಟ್ಟಿ, ಕೆಂಪು ಖಾರದ ಚಟ್ನಿ ಒಯ್ದು ಕೊಡತೊಡಗಿದಳು. ಅವನು ತಿಂದು ಕೈ ತೊಳೆದು, ಆಮೇಲೆ ನೌಕರಿ ಶುರು ಮಾಡುತ್ತಿದ್ದ.

“ಸಣ್ಣ ಮಗ ಬಂದಿದ್ನೇನ್ರಿ, ಅವ್ವಾರ?”

“ಇಲ್ಲಪ್ಪ.”

“ಬಂದ್ರ ನನ್ನ ಮುಂದ ಹೇಳಬ್ಯಾಡ್ರಿ. ಹೇಳಿದ್ರ ಮ್ಯಾಲೆ ತಿಳಸಬೇಕಾಕ್ಕೈತಿ.”

ಒಂದು ಸಂಜೆ ಅವನು ಹೊರಡದೆ ಬಾಗಿಲಲ್ಲೇ ನಿಂತ. ಏನು ಕಾದಿದೆಯೋ ಎಂದು ನಾನೂ ಎದ್ದು ಬಂದೆ.

“ನಾಳೆ ನನಗ ರಜಾ ಐತ್ರಿ,” ಎಂದ. “ನನ್ನ ಬದ್ಲಿ ಬ್ಯಾರೆದಾಂವ ನಿಮ್ಮ ಮ್ಯಾಲೆ ಕಣ್ಣಿಡಾಕ ಬರ್ತಾನ. ಅವಂಗ ಖಾರ ನಡ್ಯಂಗಿಲ್ರಿ, ಅವ್ವಾರ.”

೩. ಎರಡನೆಯ ಸಾಹೇಬ

ಯಲಬುರ್ಗಾ ಕಡೆಯಿಂದ ಒಬ್ಬ ಹಗಲುವೇಷದವನು ಬಂದ. ದಿನಕ್ಕೊಂದು ವೇಷ ಹಾಕಿ ಮನೆಮನೆ ತಿರುಗಿ ಹೊಟ್ಟೆ ಹೊರೆಯುವವನು. ರಾಮ, ಭೀಮ, ಆಂಜನೇಯ ಎಲ್ಲ ಮುಗಿದ ಮೇಲೆ ಒಂದು ದಿನ ಖಾಕಿ ತೊಟ್ಟು, ಆಡಿನ ಕೂದಲಿನ ಮೀಸೆ ಅಂಟಿಸಿಕೊಂಡು ಕಪ್ತಾನ ಸಾಹೇಬರಾಗಿ ಹೊರಟ.

ಬಜಾರು ಎದ್ದು ನಿಂತಿತು. ಅವನು ನೇರ ಠಾಣೆಗೇ ನಡೆದ. ಪಹರೆಯಲ್ಲಿದ್ದವನು ನಮ್ಮ ಕಟ್ಟೆಯ ಪೇದೆ. ಸಲಾಮು ಹೊಡೆದು, ಕುರ್ಚಿ ಕೊಟ್ಟು, ಚಹಾ ತರಿಸಿದ. ವೇಷದವನು ಚಹಾ ಮುಗಿಸಿ ಎದ್ದು ಜೋಳಿಗೆ ಚಾಚಿದ: “ಏನರ ಕೊಡ್ರಿ, ಹಗಲುವೇಷದಾಂವ ಅದೀನಿ.”

ಸುದ್ದಿ ಸಾಹೇಬರಿಗೆ ಮುಟ್ಟುವಷ್ಟರಲ್ಲಿ ಅವನು ಕುಷ್ಟಗಿಯ ದಾರಿ ಹಿಡಿದಿದ್ದ. ಸಾಹೇಬರು ಪೇದೆಯನ್ನು ನಿಲ್ಲಿಸಿ ಹುಕುಂ ಮಾಡಿದರು: “ಇನ್ನ ಮ್ಯಾಲೆ ನಾನಽ ಸಾಹೇಬ ಅಂತ ಯಾವ ಬಂದ್ರೂ ಮೊದಲ ಒಳಗ ಹಾಕು. ಆಮ್ಯಾಲೆ ವಿಚಾರ ಮಾಡು.”

“ಖಾಸ ನೀವಽ ಬಂದ್ರರಿ?”

“ನನಗ ಹೇಳಿಕೊಳ್ಳೂ ಗರಜಿಲ್ಲ. ಮಾರಿ ನೋಡಿದ್ರ ಗೊತ್ತಾಕ್ಕೈತಿ.”

೪. ಹುಲಿಹೈದರದ ಮೈದುನ

ಅದೇ ವರ್ಷ ಅವ್ವ ಹೋದಳು. ಕೊನೆಗೆ ಅವಳು ಆಡಿದ ಮಾತು ಒಂದೇ: “ನೀರು ಬಿಡಾಕ ಸಣ್ಣಾವ ಬರ್ಲಿ.”

ತಮ್ಮ ಬಂದ. ಹತ್ತನೆಯ ದಿನ, ಊರೂರಿನಿಂದ ಬಂದ ದಾಯಾದಿ ಅಣ್ಣತಮ್ಮಂದಿರ ಗುಂಪಿನಲ್ಲಿ ಸೇರಿ ಹಳ್ಳದ ದಂಡೆಗೆ ಬಂದು ಕುಳಿತ. ನಮ್ಮಲ್ಲಿ ಸತ್ತವರಿಗಿಂತ ಕಿರಿಯರಾದ ಅಣ್ಣತಮ್ಮಂದಿರೆಲ್ಲ ತಲೆ ಮೀಸೆ ಬೋಳಿಸಬೇಕು. ಕ್ರಾಪು ಬಿಟ್ಟ, ಕುಡಿಮೀಸೆಯ ಹುಡುಗನನ್ನು ಪೊಲೀಸರು ಹುಡುಕುತ್ತಿದ್ದರು. ಹಡಪದ ಮುದುಕ ಅವೆರಡನ್ನೂ ತೆಗೆದುಬಿಟ್ಟ. ಬೋಳುತಲೆಗಳ ಸಾಲಿನಲ್ಲಿ ನನಗೇ ತಮ್ಮನ ಗುರುತು ತಡವಾಗಿ ಸಿಕ್ಕಿತು. ಸ್ವಲ್ಪ ಉಸಿರಾಡಿದೆ.

ಅಷ್ಟರಲ್ಲಿ ಧೋತರ ಉಟ್ಟವರೊಬ್ಬರು ಬಂದು ಸಾಲಿನ ಕೊನೆಗೆ ಕುಳಿತರು. ಮೇಣ ಹಚ್ಚಿದ ಮೀಸೆ.

ದೊಡ್ಡಪ್ಪ ಕೇಳಿದರು: “ಯಾವೂರಾತ್ರಿ?”

“ಹುಲಿಹೈದರ. ಸತ್ತಾಕಿಗೆ ಮೈದುನ ಆಗಬೇಕು ನಾನು.”

ಭಾವ ಎಂದಿದ್ದರೆ ಹಿರಿಯರಾಗುತ್ತಿದ್ದರು, ಕ್ಷೌರ ಬೇಕಿರಲಿಲ್ಲ. ಸಾಹೇಬರು ಅಷ್ಟು ವಿಚಾರಿಸಿರಲಿಲ್ಲ. ಹಡಪದ ಮುದುಕ ಕತ್ತಿ ಮಸೆದುಕೊಂಡು ಅವರ ಮುಂದೆ ಬಂದು ನಿಂತ.

“ನನಗ ಬ್ಯಾಡ,” ಎಂದರು ಸಾಹೇಬರು.

ಮುದುಕ ದೊಡ್ಡಪ್ಪನ ಮುಖ ನೋಡಿದ. ಬಿಟ್ಟುಬಿಡು ಎಂದರೆ, ನೀವು ಯಾರೆಂದು ಬಲ್ಲೆವು ಎಂದು ಸಾಹೇಬರಿಗೇ ಹೇಳಿದಂತೆ. ದೊಡ್ಡಪ್ಪ ನೆಲ ನೋಡುತ್ತ ಅಂದರು: “ಮೈದುನ ಅಂದ ಮ್ಯಾಲೆ ತಗಸಬೇಕಾಕ್ಕೈತ್ರಿ. ಸತ್ತಾಕಿ ಏನ ತಿಳ್ಕೊಂಡಾಳು?”

ಸಾಹೇಬರು ಸಾಲನ್ನೊಮ್ಮೆ ನೋಡಿದರು. ಫೌಜಿನವರು, ಅರ್ಧಕ್ಕೆ ಬಿಟ್ಟು ಏಳುವವರಲ್ಲ. ಕಣ್ಣು ಮುಚ್ಚಿ ಮುಖ ಒಡ್ಡಿದರು.

“ಅಲಗ್ಯಾಡಬ್ಯಾಡ್ರಿ,” ಎಂದ ಮುದುಕ. “ಮೊದಲಽ ಕೈ ನಡಗಾಕತ್ತೈತಿ.”

ತಲೆಗೂದಲ ಹಿಂದೆ ಮೀಸೆಯೂ ನೆಲಕ್ಕೆ ಬಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಎಲ್ಲರೂ ಹಳ್ಳದಲ್ಲಿ ಮುಳುಗಿ ಬಂದ ಮೇಲೆ ಶಾಸ್ತ್ರ ಹೇಳುವವರು ಕರೆದರು: “ಹೊಟ್ಟೀಲಿ ಹುಟ್ಟಿದ ಮಕ್ಕಳು ಮುಂದ ಬರ್ರಿ.” ನಾನೊಬ್ಬನೇ ಎದ್ದೆ. ತಮ್ಮ ಕುಳಿತೇ ಇರಲಿ ಎಂದು ದೇವರನ್ನು ಬೇಡಿಕೊಂಡೆ. ಅವನು ಎದ್ದು ಬಂದು ನನ್ನ ಪಕ್ಕಕ್ಕೆ ನಿಂತು ಅವ್ವನಿಗೆ ನೀರು ಬಿಟ್ಟ. ಸಾಹೇಬರು ಅವನ ಮುಖ ದಿಟ್ಟಿಸಿ ನೋಡಿದರು. ಬರಿದಾದ ತುಟಿ ಒರೆಸಿಕೊಂಡು, ಪೊಲೀಸರನ್ನು ಕರೆತರಲು ಕವಾಯತಿನ ಹೆಜ್ಜೆ ಹಾಕುತ್ತ ಠಾಣೆಗೆ ಹೊರಟರು.

ತಮ್ಮ ಉಳಿದ ಶಾಸ್ತ್ರ ಮುಗಿಸಿ, ನನ್ನ ಕಾಲಿಗೆರಗಿ ಹೊಲಗಳ ನಡುವೆ ಹೋದ. ನಾವು ಪೊಲೀಸರಿಗಾಗಿ ಕಾದೆವು. ಹೊತ್ತು ಮುಳುಗಿದರೂ ಯಾರೂ ಬರಲಿಲ್ಲ.

ಯಾಕೆಂಬುದು ಮುಂದೆ ತಿಳಿಯಿತು. ಠಾಣೆಯ ಪಹರೆಯಲ್ಲಿ ಅಂದು ಅದೇ ಪೇದೆ. ಬೋಳುತಲೆಯ, ಒದ್ದೆ ಧೋತರದ ಮನುಷ್ಯನೊಬ್ಬ ಬಂದು, “ನಾನು ಸಾಹೇಬ, ನಾಕು ಮಂದಿನ್ನ ಕಳಸು,” ಎಂದು ಗರ್ಜಿಸಿದ. ಪೇದೆ ಹುಕುಂ ನೆನಪಿಟ್ಟುಕೊಂಡಿದ್ದ. ಮೊದಲು ಒಳಗೆ ಹಾಕಿದ. ಬಂಗಲೆಯಿಂದ ಅಮ್ಮಾವರು ಬಂದು ಗುರುತು ಹಿಡಿಯುವಷ್ಟರಲ್ಲಿ ಮರುದಿನವಾಗಿತ್ತು.

“ಮೀಸಿ ಇಲ್ಲಂದ್ರೇನಾತು,” ಎಂದು ಸಾಹೇಬರು ಕೇಳಿದರಂತೆ. “ನನ್ನ ದನಿ ಗುರ್ತ ಸಿಗಲಿಲ್ಲೇನು?”

“ದನಿ ನಿಮ್ಮದಽ ಅನಿಸ್ತ್ರಿ,” ಎಂದ ಪೇದೆ. “ಆದ್ರ ಹ್ವಾದ ಸಲ ಮೀಸಿ ಸೈತ ನಿಮ್ಮದಽ ಅನಿಸಿತ್ರಿ.”